ತಂಡವಿಲ್ಲದ ಜಿಲ್ಲೆ, ಮುಗಿಯದ ಹರಾಜಿನ ಮಾತು

2024ರ ನವೆಂಬರ್ 24 ಮತ್ತು 25ರಂದು ಸೌದಿ ಅರೇಬಿಯಾದ ಜಿದ್ದಾದಲ್ಲಿ ಐಪಿಎಲ್ ಆಟಗಾರರ ದೊಡ್ಡ ಹರಾಜು ನಡೆಯಿತು. ಕೆ.ಎಲ್. ರಾಹುಲ್ ಹೆಸರು ಬಂದಾಗ ಆರ್‌ಸಿಬಿ ಸ್ವಲ್ಪ ಹೊತ್ತು ಕೂಗಿತು, ಆಮೇಲೆ ಕೈಬಿಟ್ಟಿತು. ಡೆಲ್ಲಿ ಕ್ಯಾಪಿಟಲ್ಸ್ 14 ಕೋಟಿಗೆ ಒಯ್ದಿತು. ಅಲ್ಲಿಂದ ಮುಂದಿನ ಮಾರ್ಚ್‌ವರೆಗೆ ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಕಡೆಯ ಚಹಾದಂಗಡಿಗಳಲ್ಲಿ ಈ ಒಂದು ವಿಷಯ ಆರಲೇ ಇಲ್ಲ. "ನಮ್ಮ ಹುಡಗನ್ನ ನಾವ ಬಿಟ್ಟಕೊಟ್ರ ಹೆಂಗೋ?" ಎಂದು ಒಬ್ಬರು ಅಂದರೆ, "ಏ ಕಾಕಾ, ಹದಿನಾಕ ಕೋಟಿ ಒಬ್ಬನ ಮ್ಯಾಲೇ ಸುರದ್ರ ಬೌಲಿಂಗ ಯಾರ್ ಮಾಡ್ಬೇಕ್ರೀ?" ಎಂದು ಇನ್ನೊಬ್ಬ. ಇಬ್ಬರ ಮಾತಿನಲ್ಲೂ ಹುರುಳಿತ್ತು.

2025ರ ಏಪ್ರಿಲ್ 10ರಂದು ಅದೇ ರಾಹುಲ್ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಡೆಲ್ಲಿ ಪರ ಔಟಾಗದೆ 93 ಹೊಡೆದು ಆರ್‌ಸಿಬಿಯನ್ನು ಸೋಲಿಸಿದರು. ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು, ಇದು ನನ್ನ ನೆಲ ಎಂಬಂತೆ ಬ್ಯಾಟನ್ನು ಅದರ ನಡುವೆ ಕುಕ್ಕಿದರು. ಕಾಕಾನ ಮಾತು ನಿಜವಾಯಿತು ಎಂದು ಎಲ್ಲರೂ ಒಪ್ಪಿಕೊಂಡರು. ಎರಡು ತಿಂಗಳೊಳಗೆ, ಜೂನ್ 3ರಂದು, ಅಹಮದಾಬಾದಿನಲ್ಲಿ ಆರ್‌ಸಿಬಿ ಪಂಜಾಬನ್ನು 6 ರನ್ನಿನಿಂದ ಸೋಲಿಸಿ ಹದಿನೆಂಟನೇ ಆವೃತ್ತಿಯಲ್ಲಿ ಮೊದಲ ಸಲ ಕಪ್ ಎತ್ತಿತು. ಆ ಫೈನಲ್‌ನ ಪಂದ್ಯಶ್ರೇಷ್ಠ ಕೃಣಾಲ್ ಪಾಂಡ್ಯ: ನಾಲ್ಕು ಓವರ್, 17 ರನ್, ಎರಡು ವಿಕೆಟ್. ಹರಾಜಿನಲ್ಲಿ ಅವರ ಬೆಲೆ 5.75 ಕೋಟಿ. ಜಿದ್ದಾದ ಆ ಎರಡು ದಿನ ನಮ್ಮ ಕಡೆ ಕೃಣಾಲ್ ಹೆಸರೆತ್ತಿ ಕುಣಿದವರು ಬಹಳ ಮಂದಿ ಇರಲಿಲ್ಲ.

ಆಟ ನಿಂತ ತಿಂಗಳುಗಳಲ್ಲಿ ನಡೆಯುವ ಈ ವಾದವನ್ನು ಕೆಲಸವಿಲ್ಲದವರ ಹರಟೆ ಎಂದು ತಳ್ಳಿಹಾಕುವವರಿದ್ದಾರೆ. ನಾನು ಹಾಗೆ ನೋಡುವುದಿಲ್ಲ. ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ನೂರು ವರ್ಷಕ್ಕೂ ಮೇಲ್ಪಟ್ಟು ಇದನ್ನೇ ಮಾಡುತ್ತ ಬಂದಿದ್ದಾರೆ. ಅಲ್ಲಿ ಅಕ್ಟೋಬರ್ ಕೊನೆಗೋ ನವೆಂಬರ್ ಆರಂಭಕ್ಕೋ ಆಟ ಮುಗಿಯುತ್ತದೆ, ಮಾರ್ಚ್ ಕೊನೆಗೆ ಮತ್ತೆ ಶುರು. ನಡುವಿನ ಚಳಿಗಾಲ ಪೂರ್ತಿ ಯಾರನ್ನು ಕೊಡಬೇಕು, ಯಾರನ್ನು ತರಬೇಕು, ಬರುವ ವರ್ಷ ಎಷ್ಟು ಪಂದ್ಯ ಗೆಲ್ಲುತ್ತೇವೆ, ಅದೇ ಊರಿನ ಇನ್ನೊಂದು ತಂಡದ ಗತಿ ಏನು ಎಂಬ ಚರ್ಚೆ. ಐಪಿಎಲ್ ಮತ್ತು ಪ್ರೊ ಕಬಡ್ಡಿ ಬಂದ ಮೇಲೆ ಆ ಚರ್ಚೆ ನಮ್ಮ ಭಾಷೆಯಲ್ಲೂ ಬೆಳೆದಿದೆ. ಆದರೆ ನಮ್ಮ ನಾಲ್ಕು ತಾಲ್ಲೂಕುಗಳ ಚರ್ಚೆಗೆ ಒಂದು ದೊಡ್ಡ ಕೊರತೆ ಇದೆ. ಅದಕ್ಕೆ ಬರುವ ಮೊದಲು ಹರಾಜು, ಅದಲುಬದಲು, ಅಂದಾಜು ಇವುಗಳ ಒಳಗನ್ನು ಸ್ವಲ್ಪ ಬಿಡಿಸಿ ನೋಡಬೇಕು.

ಸಂಕ್ರಾಂತಿ ಹೊತ್ತಿನ ವಿಜಯಪುರದ ಸಿದ್ಧೇಶ್ವರ ಜಾತ್ರೆಯ ಜಾನುವಾರು ಸಂತೆಗೆ ಹೋದವರಿಗೆ ಇದರ ಅರ್ಧ ಮೊದಲೇ ಗೊತ್ತು. ಅಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ. ಕಳೆದ ವರ್ಷ ಎಷ್ಟು ಎಕರೆ ಹರಗಿತು ಎಂದು ಕೇಳುವುದು ಆಮೇಲೆ. ಬೆಲೆಯನ್ನು ದಲ್ಲಾಳಿ ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಹೇಳುತ್ತಾನೆ. ಪಕ್ಕದಲ್ಲಿ ನಿಂತವನಿಗೂ ತಿಳಿಯುವುದಿಲ್ಲ. ಐಪಿಎಲ್ ಹರಾಜು ಎಲ್ಲರ ಕಣ್ಣೆದುರಿನ ಸವಾಲು. ಟ್ರೇಡ್, ಅಂದರೆ ತಂಡಗಳ ನಡುವಿನ ಅದಲುಬದಲು, ಟವೆಲ್ಲಿನೊಳಗಿನ ವ್ಯವಹಾರ. ಅಭಿಮಾನಿಗಳು ಟ್ರೇಡ್ ಬಗ್ಗೆಯೇ ಹೆಚ್ಚು ಜಗಳಾಡುವುದಕ್ಕೆ ಕಾರಣ ಅದು: ಬೆರಳು ಎಷ್ಟು ಹಿಡಿದರೋ ಯಾರಿಗೂ ಕಾಣುವುದಿಲ್ಲ.

ನಿಯಮ ಕಷ್ಟದ್ದೇನಲ್ಲ. ಐಪಿಎಲ್ ಮುಗಿದ ಮೇಲೆ ಟ್ರೇಡ್ ಬಾಗಿಲು ತೆರೆಯುತ್ತದೆ, ಹರಾಜಿಗೆ ಒಂದು ವಾರ ಇರುವಾಗ ಮುಚ್ಚುತ್ತದೆ, ಹರಾಜಿನ ನಂತರ ಮತ್ತೆ ಸ್ವಲ್ಪ ಕಾಲ ತೆರೆದಿರುತ್ತದೆ. ಒಬ್ಬನನ್ನು ಪೂರ್ತಿ ಹಣಕ್ಕೆ ಕೊಡಬಹುದು, ಇಲ್ಲವೇ ಆಟಗಾರನಿಗೆ ಆಟಗಾರನನ್ನು ಬದಲಿಸಬಹುದು. ಆಟಗಾರನ ಒಪ್ಪಿಗೆ ಬೇಕೇ ಬೇಕು. ಈ ಕೊನೆಯ ಷರತ್ತು ಬಹಳ ಜನರಿಗೆ ನೆನಪಿರುವುದಿಲ್ಲ. "ಮಾರಿಬಿಟ್ರು" ಎಂದು ನಾವು ಬೈಯುವ ಎಷ್ಟೋ ಸಲ ಹೋಗುವ ಮನಸ್ಸು ಆಟಗಾರನದೇ ಆಗಿರುತ್ತದೆ.

2023ರ ನವೆಂಬರ್‌ನಲ್ಲಿ ಹಾರ್ದಿಕ್ ಪಾಂಡ್ಯ ಗುಜರಾತ್ ಟೈಟನ್ಸ್ ಬಿಟ್ಟು ಮುಂಬೈಗೆ ಹೋದದ್ದು ಹಣದ ಟ್ರೇಡ್. ಅದರ ಬೆನ್ನಿಗೇ ಮುಂಬೈ ತನ್ನ ಕ್ಯಾಮರಾನ್ ಗ್ರೀನ್ ಅವರನ್ನು 17.5 ಕೋಟಿಗೆ ಆರ್‌ಸಿಬಿಗೆ ಕೊಟ್ಟಿತು. ರೋಹಿತ್ ಶರ್ಮಾ ಇದ್ದ ಜಾಗದಲ್ಲಿ ಹಾರ್ದಿಕ್ ನಾಯಕರಾದರು, ಮುಂಬೈಯ ಸ್ವಂತ ಮೈದಾನದಲ್ಲೇ ಜನ ಅವರನ್ನು ಕೂಗಿ ಮೂದಲಿಸಿದರು, 2024ರಲ್ಲಿ ಮುಂಬೈ ಹತ್ತಕ್ಕೆ ಹತ್ತನೇ ಸ್ಥಾನದಲ್ಲಿ ಮುಗಿಸಿತು. ಕಾಗದದ ಮೇಲೆ ಅದು ಆ ವರ್ಷದ ಬಹಳ ಬಲವಾದ ತಂಡ. 2025ರ ನವೆಂಬರ್‌ನ ಅದಲುಬದಲು ಇನ್ನೂ ದೊಡ್ಡದು. ಸಂಜು ಸ್ಯಾಮ್ಸನ್ ರಾಜಸ್ಥಾನದಿಂದ ಚೆನ್ನೈಗೆ. ಚೆನ್ನೈಯಿಂದ ರವೀಂದ್ರ ಜಡೇಜ ಮತ್ತು ಸ್ಯಾಮ್ ಕರನ್ ರಾಜಸ್ಥಾನಕ್ಕೆ. ಜಡೇಜ ಅವರ ಬೆಲೆ 18 ಕೋಟಿಯಿಂದ 14 ಕೋಟಿಗೆ ಇಳಿಯಿತು. ಚೆನ್ನೈಗೆ ಕಪ್ ಗೆಲ್ಲಿಸಿಕೊಟ್ಟ ಕೈ ಅದು. ಆದರೂ ವ್ಯವಹಾರ ನಡೆಯಿತು, ಯಾಕೆಂದರೆ ಸ್ಯಾಮ್ಸನ್‌ಗೆ ಮುಂದೆ ಉಳಿದಿರುವ ವರ್ಷಗಳು ಜಡೇಜ ಅವರಿಗಿಂತ ಹೆಚ್ಚು. ಸಂತೆಯ ಮಾತಿನಲ್ಲಿ ಹೇಳುವುದಾದರೆ ಎರಡೂ ಕಡೆಯವರು ಹಲ್ಲು ನೋಡಿದ್ದರು.

ಈ ಹಲ್ಲು ನೋಡುವ ವಿದ್ಯೆಯನ್ನು ಬೇಸ್‌ಬಾಲಿನವರು ಲೆಕ್ಕಕ್ಕೆ ಇಳಿಸಿದ್ದಾರೆ. ಟಾಮ್ ಟ್ಯಾಂಗೋ ಎಂಬ ಹೆಸರಿನಲ್ಲಿ ಬರೆಯುವ ಲೆಕ್ಕಿಗರೊಬ್ಬರು 'ಮಾರ್ಸೆಲ್' ಎಂಬ ಬಹಳ ಸರಳ ಅಂದಾಜು ಮಾಡಿದರು. ಆಟಗಾರನ ಕಳೆದ ಮೂರು ವರ್ಷಗಳನ್ನು ತೆಗೆದುಕೊಳ್ಳಿ. ತೀರ ಈಚಿನ ವರ್ಷಕ್ಕೆ 5 ಪಾಲು ತೂಕ, ಅದರ ಹಿಂದಿನದಕ್ಕೆ 4, ಅದರ ಹಿಂದಿನದಕ್ಕೆ 3. ಬಂದದ್ದನ್ನು ಎಲ್ಲ ಆಟಗಾರರ ಸರಾಸರಿಯ ಕಡೆಗೆ ಸ್ವಲ್ಪ ಎಳೆಯಿರಿ. ವಯಸ್ಸು ಏರಿದವನಿಗೆ ಸ್ವಲ್ಪ ಕಳೆಯಿರಿ, ಎಳೆಯನಿಗೆ ಸ್ವಲ್ಪ ಕೂಡಿಸಿ. ಇಷ್ಟೇ. ಇದಕ್ಕಿಂತ ಹತ್ತುಪಟ್ಟು ಜಟಿಲವಾದ ಲೆಕ್ಕಗಳು ಆಮೇಲೆ ಬಂದಿವೆ, ಆದರೆ ಈ ಸರಳ ಲೆಕ್ಕವನ್ನು ದೊಡ್ಡ ಅಂತರದಲ್ಲಿ ಸೋಲಿಸುವುದು ಅವುಗಳಿಗೂ ಸುಲಭವಾಗಿಲ್ಲ.

ಸರಾಸರಿಯ ಕಡೆಗೆ ಎಳೆಯುವುದು ಯಾಕೆ ಎಂದು ಕೇಳಬಹುದು. ಒಂದು ವರ್ಷ ವಿಪರೀತ ಚೆನ್ನಾಗಿ ಆಡಿದವನ ಹಿಂದೆ ಅವನ ಕಸುವಿನ ಜೊತೆ ಆ ವರ್ಷದ ಯೋಗವೂ ಇರುತ್ತದೆ: ಬಿಟ್ಟ ಕ್ಯಾಚು, ಅಂಚು ತಾಗಿ ಹೋದ ಬೌಂಡರಿ, ಗಾಯವಿಲ್ಲದ ಮೈ. ಕಸುವು ಮುಂದಿನ ವರ್ಷಕ್ಕೂ ಬರುತ್ತದೆ, ಯೋಗ ಬರಲೇಬೇಕೆಂದಿಲ್ಲ. ಅಭಿಮಾನಿ ತಪ್ಪುವುದು ಇಲ್ಲಿ. ನಾವು ಕಳೆದ ವರ್ಷದ ಒಂದು ಇನಿಂಗ್ಸ್ ಹಿಡಿದುಕೊಂಡು ಮುಂದಿನ ವರ್ಷದ ಕಪ್ ಎಣಿಸುತ್ತೇವೆ.

ಇದಕ್ಕೆ ನಮ್ಮ ಕಬಡ್ಡಿಯಲ್ಲಿ ಒಂದು ನೋವಿನ ಉದಾಹರಣೆ ಇದೆ. ಪರ್ದೀಪ್ ನರ್ವಾಲ್ ಪ್ರೊ ಕಬಡ್ಡಿಗೆ ಕಾಲಿಟ್ಟದ್ದು 2015ರಲ್ಲಿ, ಬೆಂಗಳೂರು ಬುಲ್ಸ್ ತಂಡದಲ್ಲಿ. ಆಮೇಲೆ ಪಟ್ನಾ ಪೈರೇಟ್ಸ್‌ಗೆ ಹೋಗಿ ಸಾಲಾಗಿ ಮೂರು ಸಲ ಕಪ್ ಗೆದ್ದರು. 2017ರ ಐದನೇ ಆವೃತ್ತಿಯಲ್ಲಿ ಅವರು ಗಳಿಸಿದ 369 ರೇಡ್ ಅಂಕ ನೆನಪಿಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. 2021ರಲ್ಲಿ ಯು.ಪಿ. ಯೋಧಾ ಅವರಿಗೆ ಕೊಟ್ಟದ್ದು 1.65 ಕೋಟಿ. 2024ರಲ್ಲಿ ಅವರು ಬುಲ್ಸ್‌ಗೆ ಮರಳಿದಾಗ ನಮ್ಮ ಕಡೆ ಹಬ್ಬವೇ ಆಯಿತು. ಹೆಚ್ಚುಕಡಿಮೆ ಪ್ರತಿ ಊರಿನ ಜಾತ್ರೆಗೂ ಕಬಡ್ಡಿ ಪಂದ್ಯ ಇಡುವ ಈ ಸೀಮೆಯಲ್ಲಿ ಅವರ ಡುಬ್ಕಿಯನ್ನು ಅನುಕರಿಸದ ಹುಡುಗನಿಲ್ಲ. ಆದರೆ ಬುಲ್ಸ್ ಅವರಿಗೆ ಕೊಟ್ಟದ್ದು 70 ಲಕ್ಷ. ಮೂರು ವರ್ಷದಲ್ಲಿ ಬೆಲೆ ಅರ್ಧಕ್ಕಿಂತ ಕೆಳಗಿಳಿದಿತ್ತು. ಅಂದಾಜು ಆ ಬೆಲೆಯಲ್ಲೇ ಬರೆದಿತ್ತು, ಓದುವ ಮನಸ್ಸು ನಮಗಿರಲಿಲ್ಲ. ಆ ಹನ್ನೊಂದನೇ ಆವೃತ್ತಿಯಲ್ಲಿ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡು, ನಿಂತದ್ದು ಕಟ್ಟಕಡೆಗೆ. ಮರುವರ್ಷದ ಹರಾಜಿನಲ್ಲಿ ನರ್ವಾಲ್ ಅವರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಹೇಳಿದರು. ಕರ್ನಾಟಕದವರೇ ಆದ ಬಿ.ಸಿ. ರಮೇಶ್ ತರಬೇತುದಾರರಾಗಿ ಬಂದರು, ಇರಾನಿನ ಅಲಿರೇಜಾ ಮಿರ್ಜಾಯಿಯನ್ ಎಂಬ, ಇಲ್ಲಿ ಯಾರೂ ಹೆಸರು ಕೇಳಿರದ ಹುಡುಗ ರೇಡಿನ ಭಾರ ಹೊತ್ತ, ಬುಲ್ಸ್ ಪ್ಲೇ ಆಫ್‌ಗೆ ಏರಿತು.

ಅಂದಾಜಿಗೆ ಸಿಗದ ಇನ್ನೊಂದು ಸಂಗತಿ ಗಾಯ. ಬುಲ್ಸ್‌ಗೆ 2019ರ ಜನವರಿಯಲ್ಲಿ ಕಪ್ ಗೆದ್ದುಕೊಟ್ಟ ಪವನ್ ಸೆಹ್ರಾವತ್ 2022ರಲ್ಲಿ 2.26 ಕೋಟಿಗೆ ತಮಿಳ್ ತಲೈವಾಸ್ ಪಾಲಾದರು. ಬುಲ್ಸ್ ಅವರನ್ನು ಉಳಿಸಿಕೊಳ್ಳಲಿಲ್ಲವೆಂದು ಇಲ್ಲಿ ಸಿಟ್ಟು. ಮೊದಲ ಪಂದ್ಯದಲ್ಲೇ ಪವನ್ ಮೊಣಕಾಲಿಗೆ ಪೆಟ್ಟು ಮಾಡಿಕೊಂಡು ಇಡೀ ಆವೃತ್ತಿಯಿಂದ ಹೊರಗುಳಿದರು. ಅವರಿಲ್ಲದ ತಲೈವಾಸ್ ಅದೇ ವರ್ಷ ಮೊದಲ ಬಾರಿ ಸೆಮಿಫೈನಲ್ ತಲುಪಿತು. ಯಾವ ಲೆಕ್ಕಿಗನೂ ಇದನ್ನು ಹೇಳಿರಲಾರ.

ಇನ್ನು ಪಕ್ಕದ ಮನೆಯ ಹಗೆತನ. ಬೇಸ್‌ಬಾಲಿನಲ್ಲಿ ಇದರ ಹಳೆಯ ಊರು ಷಿಕಾಗೋ. ಊರಿನ ಉತ್ತರ ಭಾಗಕ್ಕೆ ಕಬ್ಸ್, ದಕ್ಷಿಣ ಭಾಗಕ್ಕೆ ವೈಟ್ ಸಾಕ್ಸ್. 1906ರಲ್ಲಿ ಕಬ್ಸ್ 116 ಪಂದ್ಯ ಗೆದ್ದು ಫೈನಲ್ ಸರಣಿಗೆ ಬಂದಿತ್ತು, ಅಂಥ ತಂಡವನ್ನು ಸೋಲಿಸಿದ್ದು ಅದೇ ಊರಿನ ವೈಟ್ ಸಾಕ್ಸ್. ಆ ಸೋಲಿನ ಮಾತು ಅಲ್ಲಿ ಇಂದಿಗೂ ಸತ್ತಿಲ್ಲ. ನ್ಯೂಯಾರ್ಕ್‌ನಲ್ಲಿ 2024ರ ಡಿಸೆಂಬರ್‌ನಲ್ಲಿ ಹುವಾನ್ ಸೋಟೊ ಯಾಂಕೀಸ್ ತಂಡ ಬಿಟ್ಟು ಅದೇ ನಗರದ ಮೆಟ್ಸ್‌ಗೆ ಸೇರಿದರು. 15 ವರ್ಷಕ್ಕೆ 76.5 ಕೋಟಿ ಡಾಲರ್. ಮೆಟ್ಸ್ ಬೆಂಬಲಿಗರು ಈ ಸಲ ಕಪ್ ನಮ್ಮದೇ ಎಂದು ಎದೆ ತಟ್ಟಿಕೊಂಡರು. ಸೋಟೊ 43 ಹೋಮ್ ರನ್ ಹೊಡೆದರು, ಮೆಟ್ಸ್ ಮಾತ್ರ 2025ರಲ್ಲಿ ಪ್ಲೇ ಆಫ್‌ಗೂ ಏರಲಿಲ್ಲ. ಅವರನ್ನು ಕಳೆದುಕೊಂಡ ಯಾಂಕೀಸ್ ಏರಿತು. ಒಂದೇ ಕಚೇರಿಯಲ್ಲಿ ಕೆಲಸ ಮಾಡುವ, ಒಂದೇ ರೈಲಿನಲ್ಲಿ ಓಡಾಡುವ ಇಬ್ಬರ ನಡುವೆ ಈ ವಾದ ನಡೆಯುತ್ತದೆ. ಗೆದ್ದವನ ಮುಖವನ್ನು ಸೋತವನು ಮರುದಿನ ಬೆಳಿಗ್ಗೆ ನೋಡಲೇಬೇಕು. ಇಂಥ ಹಗೆತನದ ಸೊಗಸಿರುವುದು ಅಲ್ಲಿ.

ನಮಗೆ ಅಂಥ ಪಕ್ಕದ ಮನೆ ಯಾವುದು? ಇಂಡಿಯಿಂದ ಭೀಮೆ ದಾಟಿದರೆ ಸೊಲ್ಲಾಪುರ ಹತ್ತಿರ. ಆ ಕಡೆ ಮಹಾರಾಷ್ಟ್ರ ಪ್ರೀಮಿಯರ್ ಲೀಗ್ 2023ರಲ್ಲಿ ಶುರುವಾದಾಗ ಸೊಲ್ಲಾಪುರ ರಾಯಲ್ಸ್ ಎಂಬ ತಂಡವೇ ಇತ್ತು. ಸಿಂದಗಿಯವರ ಬಸ್ಸು ಜೇವರ್ಗಿ ಮೇಲೆ ಕಲಬುರಗಿಗೆ ಹೋಗುತ್ತದೆ. ಮುದ್ದೇಬಿಹಾಳ, ಬಸವನಬಾಗೇವಾಡಿಯವರು ಕೃಷ್ಣೆ ದಾಟಿ ಬಾಗಲಕೋಟೆ, ಹುಬ್ಬಳ್ಳಿಯ ಕಡೆ ಮುಖ ಮಾಡುತ್ತಾರೆ. ಹೀಗಾಗಿ ರಾಜ್ಯದ ಟಿ20 ಲೀಗಾದ ಮಹಾರಾಜ ಟ್ರೋಫಿ ಬಂದರೆ ಸಿಂದಗಿಯಲ್ಲಿ ಗುಲ್ಬರ್ಗಾ ಮಿಸ್ಟಿಕ್ಸ್ ಎನ್ನುವವರೂ ಮುದ್ದೇಬಿಹಾಳದಲ್ಲಿ ಹುಬ್ಳಿ ಟೈಗರ್ಸ್ ಎನ್ನುವವರೂ ಸಿಗುತ್ತಾರೆ. ನಮ್ಮದು ಎನ್ನುವ ಹೆಸರು ಆ ಪಟ್ಟಿಯಲ್ಲಿಲ್ಲ.

ಒಂದು ಕಾಲಕ್ಕೆ ಇತ್ತು. ಬಿಜಾಪುರ ಬುಲ್ಸ್. 2014ರ ನವೆಂಬರ್ 1ರಿಂದ ಜಿಲ್ಲೆ ವಿಜಯಪುರವಾದರೂ ತಂಡ ಹಳೆಯ ಹೆಸರಲ್ಲೇ ಆಡಿತು, ಮತ್ತು ಗೆದ್ದಿತು. ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) 2009ರಲ್ಲಿ ಆರಂಭವಾದಾಗ ಬೆಂಗಳೂರಿನ ಹೆಸರಲ್ಲೇ ಎರಡು ತಂಡಗಳಿದ್ದವು, ಮೊದಲ ಕಪ್ಪೂ ಅದರಲ್ಲೊಂದಕ್ಕೆ ಹೋಯಿತು. ಆದರೆ 2015ರಿಂದ ಮುಂದಿನ ಪಟ್ಟಿ ನೋಡಿ. 2015ರಲ್ಲಿ ಬಿಜಾಪುರ, 2016ರಲ್ಲಿ ಬಳ್ಳಾರಿ, 2017ರಲ್ಲಿ ಬೆಳಗಾವಿ, 2018ರಲ್ಲಿ ಮತ್ತೆ ಬಿಜಾಪುರ, 2019ರಲ್ಲಿ ಹುಬ್ಬಳ್ಳಿ. ಐದಕ್ಕೆ ಐದೂ ಉತ್ತರದ ಊರುಗಳು. 2017ರ ಫೈನಲ್ ಹುಬ್ಬಳ್ಳಿಯಲ್ಲಿ ಬಿಜಾಪುರಕ್ಕೂ ಬೆಳಗಾವಿಗೂ ನಡೆಯಿತು, ಬೆಳಗಾವಿ ಗೆದ್ದಿತು. ಮರುವರ್ಷ ಭರತ್ ಚಿಪ್ಲಿ ನಾಯಕತ್ವದಲ್ಲಿ ಬಿಜಾಪುರ ಬುಲ್ಸ್ ಮೈಸೂರಿನ ಫೈನಲ್‌ನಲ್ಲಿ ಬೆಂಗಳೂರು ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಎರಡನೇ ಸಲ ಕಪ್ ತಂದಿತು. ರಾಜಧಾನಿಯನ್ನು ಬಿಜಾಪುರ ಸೋಲಿಸಿತು ಎಂದು ಮರುದಿನ ಪತ್ರಿಕೆ ಓದಿದ ಸಂತೋಷ ನಮ್ಮ ಕಡೆಯ ಅನೇಕರಿಗೆ ಇನ್ನೂ ಹಸಿಯಾಗಿದೆ.

ಆ ತಂಡದಲ್ಲಿ ನಮ್ಮ ಹುಡುಗರು ಎಷ್ಟಿದ್ದರು ಎಂದು ಕೇಳುವುದು ನ್ಯಾಯ. ಬಹುಪಾಲು ಆಟಗಾರರು ಬೆಂಗಳೂರಿನ ಕ್ಲಬ್ಬುಗಳಲ್ಲಿ ಪಳಗಿದವರು. ಪಂದ್ಯಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ನಡೆದವು. ಬಿಜಾಪುರ ಬುಲ್ಸ್ ಬಿಜಾಪುರದಲ್ಲಿ ಆಡಲೇ ಇಲ್ಲ. ಆದರೂ ಆ ಹೆಸರು ಒಂದು ಕೆಲಸ ಮಾಡಿತ್ತು. ಖಿಲಾರಿ ಎತ್ತಿನ ಸೀಮೆಗೆ ಹೋರಿಯ ಹೆಸರಿನ ತಂಡ. ಅದನ್ನು ಹೊಗಳಲು, ಬೈಯಲು, ಯಾರನ್ನು ತರಬೇಕು ಯಾರನ್ನು ಬಿಡಬೇಕು ಎಂದು ಹೇಳಲು ಇಂಡಿಯವನಿಗೂ ಬಾಗೇವಾಡಿಯವನಿಗೂ ಒಂದು ಹಕ್ಕು ಸಿಕ್ಕಿತ್ತು. ಆರ್‌ಸಿಬಿಯ ಬಗ್ಗೆ ಮಾತಾಡುವಾಗ ನಾವು ಲಕ್ಷಾಂತರ ಜನರಲ್ಲಿ ಒಬ್ಬರು. ಬಿಜಾಪುರ ಬುಲ್ಸ್ ಬಗ್ಗೆ ಮಾತಾಡುವಾಗ ನಾವು ಮನೆಯವರು.

2019ರಲ್ಲಿ ಎಲ್ಲ ಕುಸಿಯಿತು. ಕೆಪಿಎಲ್‌ನಲ್ಲಿ ಬೆಟ್ಟಿಂಗ್, ಸ್ಪಾಟ್ ಫಿಕ್ಸಿಂಗ್ ಆರೋಪ ಎದ್ದು ಬೆಂಗಳೂರಿನ ಸಿಸಿಬಿ ಪೊಲೀಸರು ತಂಡವೊಂದರ ಮಾಲೀಕರನ್ನೂ ಹೆಸರಾಂತ ಆಟಗಾರರನ್ನೂ ಬಂಧಿಸಿದರು. 2022ರ ಜನವರಿಯಲ್ಲಿ ಹೈಕೋರ್ಟ್ ಮ್ಯಾಚ್ ಫಿಕ್ಸಿಂಗ್ ಅನ್ನು ದಂಡಸಂಹಿತೆಯ ವಂಚನೆಯ ಕಲಮಿನಡಿ ತರಲಾಗದು, ಶಿಸ್ತುಕ್ರಮ ಕ್ರಿಕೆಟ್ ಮಂಡಳಿಗೆ ಬಿಟ್ಟದ್ದು ಎಂದು ಹೇಳಿ ಆ ಆರೋಪಗಳನ್ನು ರದ್ದು ಮಾಡಿತು. ಅಷ್ಟರಲ್ಲಿ ಲೀಗು ನಿಂತುಹೋಗಿತ್ತು. ಅದೇ ವರ್ಷ ರಾಜ್ಯ ಕ್ರಿಕೆಟ್ ಸಂಸ್ಥೆ ಕೆಎಸ್‌ಸಿಎ ಹೊಸದಾಗಿ ಮಹಾರಾಜ ಟ್ರೋಫಿ ಆರಂಭಿಸಿದಾಗ ತಂಡಗಳು ಆರು: ಬೆಂಗಳೂರು, ಮೈಸೂರು, ಮಂಗಳೂರು, ಶಿವಮೊಗ್ಗ, ಹುಬ್ಬಳ್ಳಿ, ಗುಲ್ಬರ್ಗಾ. 2018ರ ಏಳು ತಂಡಗಳಲ್ಲಿ ಉತ್ತರದವು ನಾಲ್ಕಿದ್ದವು, ಈಗ ಆರರಲ್ಲಿ ಎರಡು. ಬಿಜಾಪುರ, ಬೆಳಗಾವಿ, ಬಳ್ಳಾರಿ ಮೂರೂ ಪಟ್ಟಿಯಿಂದ ಬಿದ್ದವು. ಮೊದಲ ವರ್ಷದ ಕಪ್ಪನ್ನು ಗುಲ್ಬರ್ಗಾ ಮಿಸ್ಟಿಕ್ಸ್ ಗೆದ್ದಿತು, ಎರಡನೆಯದನ್ನು ಹುಬ್ಬಳ್ಳಿ. ಉತ್ತರದ ಹೆಸರಿಗೆ ಗೆಲ್ಲುವ ಯೋಗವಿಲ್ಲ ಎಂದು ಯಾರೂ ಹೇಳುವ ಹಾಗಿಲ್ಲ.

ಈ ಟ್ರೋಫಿಯ ಹರಾಜಿನಲ್ಲಿ ಒಂದು ನಿಯಮ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಪ್ರತಿ ತಂಡದ ಕೈಯಲ್ಲಿ 50 ಲಕ್ಷ ರೂಪಾಯಿ. ಹದಿನಾರರಿಂದ ಹದಿನೆಂಟು ಆಟಗಾರರು. ಅವರಲ್ಲಿ ಇಬ್ಬರಾದರೂ ಆ ತಂಡದ ವ್ಯಾಪ್ತಿಯ ಜಿಲ್ಲೆಗಳವರಾಗಿರಬೇಕು. 2025ರಲ್ಲಿ ದೇವದತ್ತ ಪಡಿಕ್ಕಲ್ ಅವರಿಗೆ ಹುಬ್ಬಳ್ಳಿ 13.20 ಲಕ್ಷ ಕೊಟ್ಟಿತು. ಪತ್ರಿಕೆಗಳು ಬರೆದದ್ದು ಅದನ್ನು. ಆದರೆ ಪಡಿಕ್ಕಲ್ ಎಲ್ಲಿದ್ದರೂ ಮಿಂಚುವವರು. ಊರಿನ ಆ ಇಬ್ಬರ ಜಾಗ ಇದೆಯಲ್ಲ, ಜಿಲ್ಲೆಯ ಹುಡುಗನೊಬ್ಬ ಟಿ.ವಿ. ಕ್ಯಾಮೆರಾದ ಎದುರು ಬೌಲಿಂಗ್ ಮಾಡಲು, ಐಪಿಎಲ್ ತಂಡಗಳ ಕಣ್ಣಿಗೆ ಬೀಳಲು ಇರುವ ಏಣಿ ಅದು. ಇಂಥ ಏಣಿಗಳನ್ನು ಹತ್ತಿಯೇ ರಾಯಚೂರಿನ ಮನೋಜ್ ಭಾಂಡಗೆ ಆರ್‌ಸಿಬಿವರೆಗೆ ಹೋದರು. ವಿಜಯಪುರದ ಹೆಸರಲ್ಲಿ ತಂಡವಿದ್ದರೆ ಇಬ್ಬರ ಜಾಗ ನಮ್ಮವೇ ಆಗಿರುತ್ತಿದ್ದವು. ಈಗ ಇಂಡಿಯ ಹುಡುಗ ಇನ್ನೊಂದು ಊರಿನ ಪಾಲಿನಲ್ಲಿ ಜಾಗ ಕೇಳಬೇಕು.

ಹುಡುಗರಿಲ್ಲವೇ? ಹಿಂಗಾರಿ ಜೋಳ ಕೊಯ್ದು ಹೊಲ ಖಾಲಿಯಾದ ಮೇಲೆ ನಮ್ಮ ತಾಲ್ಲೂಕುಗಳಲ್ಲಿ ಸುತ್ತಾಡಿದವರು ಈ ಪ್ರಶ್ನೆ ಕೇಳಲಾರರು. ಟೆನಿಸ್ ಬಾಲ್ ಟೂರ್ನಿಗಳ ಕಾಲ ಅದು. ಈಗ ಅವಕ್ಕೂ ಪ್ರೀಮಿಯರ್ ಲೀಗ್ ಎಂದು ಹೆಸರು, ಅವಕ್ಕೂ ಹರಾಜು. ಗುತ್ತಿಗೆದಾರರೋ ಅಂಗಡಿಯವರೋ ಚುನಾವಣೆಗೆ ನಿಲ್ಲುವ ಆಸೆಯವರೋ ಮಾಲೀಕರು. ಆಟಗಾರರ ಫೋಟೊ ಇಟ್ಟು ಪಾಯಿಂಟ್ ಲೆಕ್ಕದಲ್ಲಿ ಕೂಗುತ್ತಾರೆ. ಹೊರಗಿನವರು ಇಷ್ಟೇ ಜನ ಎಂಬ ಮಿತಿ, ಅದನ್ನು ಮೀರಿದರೆ ಆಧಾರ್ ಕಾರ್ಡ್ ತೋರಿಸು ಎಂಬ ಗಲಾಟೆ. "ಇಂವ ನಿಮ್ಮ ಊರಾವ ಹೆಂಗ ಆಕ್ಕಾನ್ರೀ, ಇಂವನ ಅಜ್ಜಿ ಮನಿ ಅಷ್ಟ ಇಲ್ಲೈತಿ" ಎಂಬ ಮಾತಿಗೆ ಅಂಪೈರ್ ಕೂಡ ತಲೆದೂಗುತ್ತಾನೆ. ಜಿದ್ದಾದಲ್ಲಿ ನಡೆದದ್ದರ ಎಲ್ಲ ಅಂಗಗಳೂ ಇಲ್ಲಿವೆ. ಅಲ್ಲಿ ಇಲ್ಲದ ಒಂದು ಸಂಗತಿಯೂ ಇದೆ. ಕೊಂಡವರೂ ಕೊಳ್ಳಲ್ಪಟ್ಟವರೂ ನೋಡುವವರೂ ಒಬ್ಬರಿಗೊಬ್ಬರು ಗುರುತಿನವರು.

ಒಂದೇ ತಾಲ್ಲೂಕಾಗಿದ್ದ ಊರುಗಳು ಈಚಿನ ವರ್ಷಗಳಲ್ಲಿ ಬೇರೆ ಬೇರೆ ತಾಲ್ಲೂಕುಗಳಾದದ್ದು ಈ ಪೈಪೋಟಿಗೆ ಹೊಸ ಖಾರ ಸೇರಿಸಿದೆ. ಮುದ್ದೇಬಿಹಾಳದಿಂದ ತಾಳಿಕೋಟೆ ಬೇರೆಯಾಯಿತು, ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರಹಿಪ್ಪರಗಿ ಮತ್ತು ಆಲಮೇಲ, ಬಸವನಬಾಗೇವಾಡಿಯಿಂದ ನಿಡಗುಂದಿ. ನಿನ್ನೆಯವರೆಗೆ ಒಂದೇ ತಂಡದಲ್ಲಿ ಆಡಿದವರು ಇಂದು ಎದುರಾಳಿಗಳು. ಮುದ್ದೇಬಿಹಾಳ ಮತ್ತು ತಾಳಿಕೋಟೆ ನಡುವಿನ ಪಂದ್ಯಕ್ಕೆ ಸೇರುವ ಜನ, ಕೂಗು, ಮುನಿಸು ಇವುಗಳನ್ನು ನೋಡಿದರೆ ಷಿಕಾಗೋದ ಆ ಎರಡು ತಂಡಗಳ ಬೆಂಬಲಿಗರಿಗೂ ಮನೆಗೆ ಬಂದಂತೆ ಅನಿಸೀತು. ಕಸುವು ಇದೆ, ಅಭಿಮಾನ ಇದೆ, ಹಗೆತನವೂ ಚೆನ್ನಾಗಿದೆ. ಇಲ್ಲದಿರುವುದು ಲೆದರ್ ಬಾಲಿಗೆ ತಕ್ಕ ಪಿಚ್, ವರ್ಷವಿಡೀ ಕಲಿಸುವ ಕೋಚ್, ಮತ್ತು ಟೆನಿಸ್ ಬಾಲಿನಿಂದ ಲೆದರ್ ಬಾಲಿಗೆ ದಾಟುವ ಮೆಟ್ಟಿಲು. ಇಪ್ಪತ್ತು ವರ್ಷದ ಹುಡುಗ ಟೆನಿಸ್ ಬಾಲಿನಲ್ಲಿ ಸಿಕ್ಸರ್ ಹೊಡೆದು ಹೆಸರು ಮಾಡುವಷ್ಟರಲ್ಲಿ ಬೆಂಗಳೂರಿನ ಅದೇ ವಯಸ್ಸಿನವನು ಹದಿನಾರರ ಒಳಗಿನ, ಹತ್ತೊಂಬತ್ತರ ಒಳಗಿನ ರಾಜ್ಯ ತಂಡಗಳನ್ನು ದಾಟಿರುತ್ತಾನೆ.

ದಾಟಿದವರು ಇಲ್ಲವೆಂದಲ್ಲ. ರಾಜೇಶ್ವರಿ ಗಾಯಕವಾಡ ಇದೇ ವಿಜಯಪುರದವರು. 2017ರ ಜುಲೈ 15ರಂದು ಇಂಗ್ಲೆಂಡಿನ ಡರ್ಬಿಯಲ್ಲಿ, ಸೋತರೆ ವಿಶ್ವಕಪ್‌ನಿಂದ ಹೊರಗೆ ಎಂಬ ಪಂದ್ಯದಲ್ಲಿ, ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್‌ಗೆ ಏರಿಸಿದರು. 2023ರ ಫೆಬ್ರುವರಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್‌ನ ಮೊದಲ ಹರಾಜಿನಲ್ಲಿ ಯು.ಪಿ. ವಾರಿಯರ್ಸ್ ಅವರನ್ನು 40 ಲಕ್ಷಕ್ಕೆ ಕೊಂಡಿತು. ಆ ಸಂಜೆ ನಮ್ಮ ಚಹಾದಂಗಡಿಗಳಲ್ಲಿ ರಾಹುಲ್ ಬಗ್ಗೆ ಆದಷ್ಟು ಮಾತು ಆಗಬೇಕಿತ್ತು. ಆಗಲಿಲ್ಲ, ಮತ್ತು ಅದು ನನಗೆ ಬೇಸರದ ಸಂಗತಿ. 2025ರಲ್ಲಿ ಕೆಎಸ್‌ಸಿಎ ಮಹಿಳೆಯರಿಗೂ ಮಹಾರಾಣಿ ಟ್ರೋಫಿ ಆರಂಭಿಸಿತು. ವಿಶ್ವಕಪ್‌ನಲ್ಲಿ ಐದು ವಿಕೆಟ್ ಕಿತ್ತ ಬೌಲರ್‌ನ ಊರಿಗೆ ಅಲ್ಲಿಯೂ ತಂಡವಿಲ್ಲ.

ತಂಡ ಹೆಚ್ಚಿಸಿದರೆ ಖರ್ಚು ಹೆಚ್ಚುತ್ತದೆ, ಮಾಲೀಕರು ಸಿಗುವುದಿಲ್ಲ, ಆಟದ ಮಟ್ಟ ಇಳಿಯುತ್ತದೆ ಎಂಬ ವಾದ ಇದೆ. ಫಿಕ್ಸಿಂಗ್ ಪ್ರಕರಣದ ನಂತರ ಎಚ್ಚರಿಕೆ ಬೇಕು ಎಂಬುದನ್ನು ನಾನೂ ಒಪ್ಪುತ್ತೇನೆ. ಮಾಲೀಕರ ಹಿನ್ನೆಲೆ ತಪಾಸಣೆ ಮಾಡದೆ ತಂಡ ಹಂಚುವುದು ಯಾರಿಗೂ ಬೇಡ. ಆದರೆ ಆರ್‌ಸಿಬಿ ಗೆದ್ದ ಮರುದಿನ, 2025ರ ಜೂನ್ 4ರಂದು, ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಅದರ ನೆರಳಿನಲ್ಲಿ ಆ ವರ್ಷದ ಮಹಾರಾಜ ಟ್ರೋಫಿ ಮೈಸೂರಿನಲ್ಲಿ ಪ್ರೇಕ್ಷಕರೇ ಇಲ್ಲದೆ ನಡೆಯಿತು. ಇಡೀ ರಾಜ್ಯದ ಅಭಿಮಾನವನ್ನೆಲ್ಲ ಒಂದೇ ನಗರದ ಒಂದೇ ಗೇಟಿನ ಮುಂದೆ ತಂದು ನಿಲ್ಲಿಸುವುದು ಎಷ್ಟು ಅಪಾಯ ಎಂದು ಆ ಸಾವುಗಳು ಹೇಳಿವೆ. ಆಟವನ್ನು ಜಿಲ್ಲೆಗಳಿಗೆ ಹಂಚಿದರೆ ಜನವೂ ಹಂಚಿಹೋಗುತ್ತದೆ.

ಆರನ್ನು ಎಂಟು ಮಾಡಿದರೆ ಸಾಕು. ಎರಡು ಹೆಸರು ಹೊಸದಾಗಿ ಹುಡುಕಬೇಕಾಗಿಲ್ಲ: ವಿಜಯಪುರ, ಬೆಳಗಾವಿ. ಹಾಗೆ ಆದ ವರ್ಷ ಹರಾಜಿಗೆ ಮೊದಲು ವಿಜಯಪುರದ ತಂಡದ ಆಯ್ಕೆದಾರರು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ನಾಲ್ಕೂ ಕಡೆ ಒಂದೊಂದು ದಿನ ಕೂತು ಲೆದರ್ ಬಾಲಿನಲ್ಲಿ ಹುಡುಗರನ್ನು ಆಡಿಸಿ ನೋಡಲಿ. ಆ ಇಬ್ಬರ ಜಾಗಕ್ಕೆ ಯಾರು ಎಂಬ ವಾದವನ್ನು ನಾವು ಇಡೀ ಚಳಿಗಾಲ ನಡೆಸುತ್ತೇವೆ. ಲೀಗಿನ ನಾಲ್ಕು ಪಂದ್ಯವಾದರೂ ಹುಬ್ಬಳ್ಳಿಗೆ ಮರಳಿ ಬರಲಿ, ಮುಂದೆ ಪಿಚ್ ಸಿದ್ಧವಾದಾಗ ವಿಜಯಪುರಕ್ಕೆ. ವೇಳಾಪಟ್ಟಿ ಹಾಕುವವರಲ್ಲಿ ಇನ್ನೊಂದು ಕೋರಿಕೆ: ಮೊದಲ ಪಂದ್ಯ ಬೆಳಗಾವಿಯ ಜೊತೆಗೇ ಇಡಲಿ. 2017ರ ಫೈನಲ್‌ನ ಬಾಕಿಯನ್ನು ನಾವು ಇನ್ನೂ ತೀರಿಸಿಲ್ಲ.